ನಾಲ್ಕಡಿ ಹೊಂಡ

ಗದ್ದೆ ಕೊಯ್ಲು ಮುಗಿದು ಊರೆಲ್ಲ ಬೇಲಿಯ ಕೆಲಸ ಸಾಗಿತ್ತು. ಹೊನ್ನಾವರದ ಅಂಗಡಿಯಲ್ಲಿ ನಾನು ಮೊಳೆಗೆ ಕಾಯುತ್ತಿದ್ದಾಗ ಭಾಸ್ಕರ ಮಾಸ್ತರರೂ ಅವರ ಬೇಲಿಗೆ ಹೊಂಡ ತೋಡುವ ಹೊನ್ನಪ್ಪನೂ ಸಿಮೆಂಟಿಗೆ ಬಂದರು. ಹೊನ್ನಪ್ಪ ಸೊಂಟ ಹಿಡಿದುಕೊಂಡೇ ನಿಂತಿದ್ದ.

“ಮಾಸ್ತರ್ರೇ, ಪ್ಲಾಸ್ಟಿಕ್ ಬೇಲಿಗೆ ನಾಲ್ಕಡಿ ಹೊಂಡ ಎಂತಕ್ಕೆ? ಕೆಳಗೆ ಬರೀ ಚಿರೆಕಲ್ಲು.”

“ಫಾರಿನ್ ಬೇಲಿ ಅಲ್ವಾ, ಜೊತೆ ಬಂದ ಪುಸ್ತಕದಲ್ಲಿ ಹಾಗೇ ಇದೆ. ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟಿ ಕಂಬವನ್ನ ಮೇಲೆ ದೂಡ್ತದಂತೆ.”

“ನಮ್ಮಲ್ಲಾ? ನಾನು ಮಂಜುಗಡ್ಡೆ ಕಂಡದ್ದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ.”

“ನಂಗೂ ಗೊತ್ತು ಮಾರಾಯ. ಆದ್ರೆ ಹೇಳಿದಷ್ಟು ಆಳ ತೋಡದಿದ್ರೆ ಮೂವತ್ತು ವರ್ಷದ ಗ್ಯಾರಂಟಿ ಸಿಗೂದಿಲ್ಲ.”

“ನಿಮಗೀಗ ಎಷ್ಟು ವರ್ಷ?”

“ಅರವತ್ತೆಂಟು. ಅದೆಲ್ಲ ನಿಂಗೆ ಬೇಡ.”

“ಒಂದು ಹೊಂಡಕ್ಕೇ ನನ್ನ ಸೊಂಟ ಹೋತು. ಇನ್ನೂ ಇಪ್ಪತ್ತೊಂದು ಬಾಕಿ. ಅಳತೆ ನೋಡೂಕೆ ಕಂಪನಿಯವರು ಬರ್ತಾರಾ?”

“ಇಲ್ಲ. ಪ್ರತಿ ಹೊಂಡಕ್ಕೂ ಅಳತೆ ಕೋಲು ಇಳಿಸಿ ಫೋಟೋ ಕಳಿಸಬೇಕು.”

ಹೊನ್ನಪ್ಪನ ಕೈ ಸೊಂಟ ಬಿಟ್ಟಿತು.

“ಹಾಗಾದ್ರೆ ಆತಲ್ಲ! ತೋಡಿದ ಒಂದನ್ನೇ ಇಪ್ಪತ್ತೆರಡು ಸಲ ಫೋಟೋ ತೆಗೀರಿ. ಉಳಿದದ್ದಕ್ಕೆ ಎರಡಡಿ ಸಾಕು.”

ಮಾಸ್ತರರು ಅಂಗಡಿಯವನಿಗೆ ಅರ್ಧದಷ್ಟು ಸಿಮೆಂಟು ಸಾಕೆಂದು ಹೇಳಿ ಮೆಟ್ಟಿಲಿಳಿದರು.

“ಪ್ರತಿ ಫೋಟೋಕ್ಕೂ ಅಂಚಿನ ಕಲ್ಲು ಬದಲಿಸು, ಹೊನ್ನಪ್ಪ. ಇಲ್ಲಾಂದ್ರೆ ಕಾಪಿ ಹೊಡೆದದ್ದು ಕೂಡ್ಲೇ ಗೊತ್ತಾಗ್ತದೆ.”