ಜೊತೆಗೆ ಹೋಗುವ ಪ್ರೋಟೀನು

ಸಾಗರದ ಬಸ್ ನಿಲ್ದಾಣದ ಮೂಲೆಯಲ್ಲಿ ಹೂ ಮಾರುವ ಲಿಖಿತಾ ತಲೆ ತಗ್ಗಿಸಿಕೊಂಡು ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕಾರ್ಗಲ್ ಬಸ್ಸಿಗೆ ಕಾಯುತ್ತಿದ್ದರು. ತಂಗಿಯ ಕಾಲ ಬಳಿ ದೊಡ್ಡ ಸೂಟ್‌ಕೇಸಿತ್ತು. ಅಕ್ಕ, ಗಂಡನ ಮನೆಗೆ ಮರಳುತ್ತಿದ್ದ ಅವಳನ್ನು ಬಸ್ಸು ಹತ್ತಿಸಲು ಬಂದವಳು.

“ನನ್ನ ಮದುವೆ ಮಾರನೇ ದಿನಾನೇ ಲ್ಯಾಬಿಗೆ ಓಡಿದ್ಯಲ್ಲ, ಅಲ್ಲಿ ಎಂತ ಮಾಡ್ತಿದ್ದೆ?” ತಂಗಿ ಕೇಳಿದಳು.

“ಹಿಸ್ಟೋನ್ ಅಂತ ಒಂದು ಪ್ರೋಟೀನು. ಜೀವಕೋಶದಲ್ಲಿ ಡಿಎನ್‌ಎ ಅದಕ್ಕೇ ಸುತ್ಕೊಂಡು ಇರೋದು. ಅದನ್ನ ಒಂಟಿ ಬಿಟ್ರೆ ದಾರೀಲಿ ಸಿಕ್ಕಿದ್ದಕ್ಕೆಲ್ಲ ಅಂಟ್ಕೊಂಡ್ಬಿಡ್ತದೆ. ಅದಕ್ಕೇ ಬೇರೆ ಪ್ರೋಟೀನು ಅದನ್ನ ಹಿಡ್ಕೊಂಡು ಹೋಗಿ, ಡಿಎನ್‌ಎ ಹತ್ರ ಬಿಟ್ಟು ಬರ್ತದೆ.”

“ಮದುಮಗಳ ಜೊತೆಗೆ ಹೋಗೋರ ಹಂಗೆ.”

“ಹೂಂ. ನಾನು ನೋಡ್ತಿದ್ದುದು ಆ ಜೊತೆಗೆ ಹೋಗೋ ಪ್ರೋಟೀನನ್ನ. ಅವು ಐದು ಕೂಡಿ ಉಂಗುರ ಆಗ್ತವೆ, ಆಮೇಲೆ ಹಿಸ್ಟೋನನ್ನ ಹಿಡ್ಕೊಳ್ತವೆ.”

“ಐದಾ? ನಂಗೆ ಒಬ್ರೂ ಗತಿ ಇರ್ಲಿಲ್ಲ ನೋಡು.”

ಅಕ್ಕ ನಗಲು ಹೋದವಳು ತಂಗಿಯ ಕೈ ಹಿಡಿದಳು.

“ನಾನು ನಿನ್ನ ಜೊತೆ ಬರ್ಬೇಕಿತ್ತು ಕಣೆ. ಆ ವಾರ ಪ್ರಯೋಗ ಬಿಟ್ಟಿದ್ರೂ ಏನೂ ಮುಳುಗ್ತಿರ್ಲಿಲ್ಲ.”

“ಆ ಮನೇಲಿ ಯಾರು ಹೆಂಗೆ ಅಂತ ತಿಳೀದೆ, ಸಿಕ್ಕಿದೋರ ಮಾತಿಗೆಲ್ಲ ನಾನೂ ಅಂಟ್ಕೊಂಡೆ. ಅತ್ತೆ ಜೊತೆ ಜಗಳ ಆಡ್ಕೊಂಡು ತವರಿಗೆ ಬಂದೆ. ಈಗ ಅವರ ಮುಖ ನೋಡೋಕೇ ಭಯ.”

ಕಾರ್ಗಲ್ ಬಸ್ಸು ಬಂತು. ಲಿಖಿತಾ ಮಾಲೆಯನ್ನು ಎತ್ತಿ ಹಿಡಿದಳಾದರೂ ಕೂಗಲು ನಾಚಿದಳು. ಇಬ್ಬರೂ ಅತ್ತ ನೋಡಲಿಲ್ಲ. ಅಕ್ಕ ಸೂಟ್‌ಕೇಸನ್ನು ಮೇಲೆ ಹತ್ತಿಸಿ ಕೆಳಗೇ ನಿಂತಳು. ಬಸ್ಸು ಹಿಂದಕ್ಕೆ ಸರಿಯುತ್ತಿದ್ದಂತೆ ತಂಗಿ ಕಿಟಕಿಯಿಂದ ಬಗ್ಗಿದಳು.

“ಅಕ್ಕಾ, ಈಗಾದ್ರೂ ಒಂದೆರಡು ದಿನಕ್ಕೆ ನನ್ನ ಜೊತೆ ಬಾ.”