ಕೌಶಲನಿಗೊಂದು ಗೊಂದಲ ಬೇಕಾಗಿದೆ

ಕೋಟದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಬಿ.ಎಡ್. ಓದುವ ಅನಿಷಾ ತನ್ನ ದೊಡ್ಡಮ್ಮನಿಗೆ ಅಸೈನ್‌ಮೆಂಟ್ ಓದಿ ಹೇಳುತ್ತಿದ್ದಳು.

“ಕೌಶಲ್‌ಗೆ ಹದಿನೈದ್ ವರ್ಷ, ದೊಡ್ಡಮ್ಮ. ಈ ಪ್ರಾಯದಗೆ ‘ನಾನ್ ಯಾರ್’ ಅಂಬು ಗೊಂದಲ ಬರ್ಕ್ ಅಂತ್ ಸೈಕಾಲಜಿ ಸಿದ್ಧಾಂತ ಹೇಳತ್ತ್.”

“ಅವ್ನ್ ಅಮ್ಮಂದ್ ಯಾವ ಬಳಿ, ಯಾವ ಕುಲ?”

“ಅಯ್ಯೋ, ಅವ ಅಸೈನ್‌ಮೆಂಟಿಗೆ ನಾನೇ ಕಟ್ಟಿದ್ ಹುಡ್ಗ! ಬರೀ ಕಾಗ್ದದಗೆ ಇಪ್ಪುದ್.”

“ಕಾಗ್ದದಗೆ ಇದ್ರೂ ಅಮ್ಮ ಬ್ಯಾಡ್ದಾ? ನಮ್ದೇ ಬಳಿ ಅಂತ್ ಬರಿ. ನಮ್ಮಲ್ ಅಮ್ಮನ್ ಬಳಿಯೇ ಮಕ್ಳ್ ಕುಲ. ಅವ ಯಾರ್ ಅಂತ್ ಗೊತ್ತಾಯ್ತಲೆ, ಇನ್ನೆಂತ ಗೊಂದಲ?”

“ಗೊಂದಲ ಸಾಲುದಿಲ್ಲೆ ಅಂತ್ಲೇ ಸರ್ ವಾಪಾಸ್ ಕೊಟ್ಟದ್! ಇವತ್ತ್ ಸರಿ ಮಾಡಿ ಕೊಡ್ದಿದ್ರೆ ಪರೀಕ್ಷಿಗ್ ಕೂರುಕ್ ಬಿಡುದಿಲ್ಲೆ.”

ದೊಡ್ಡಮ್ಮ ಹೆದ್ದಾರಿ ನೋಡುತ್ತ ಯೋಚಿಸಿದರು.

“ಹುಡ್ಗಂಗ್ ಯಾರ್ ಮೇಲಾರೂ ಮನ್ಸ್ ಇತ್ತಾ?”

“ಇತ್ತ್. ಕ್ಲಾಸಿನ್ ಧನ್ಯಶ್ರೀ ಮೇಲೆ. ಅದೂ ಸಿದ್ಧಾಂತದಗೆ ಇತ್ತ್.”

“ಅವ್ಳದ್ದೂ ನಮ್ದೇ ಬಳಿ ಅಂತ್ ಬರಿ.”

“ಒಂದೇ ಬಳಿ ಅಂದ್ರೆ ಅಣ್ಣ-ತಂಗಿ ಆಪುದಲ್ದಾ?”

“ಅದೇ! ನಿನ್ನೆವರೆಗೆ ಲವ್ವರ್, ಇವತ್ತ್ ಅಣ್ಣ. ಈಗ ಕೇಣ್, ‘ನೀನ್ ಯಾರ್ ಮಗಾ’ ಅಂತ್!”

ಅನಿಷಾ ತೊಡೆಯ ಮೇಲೆ ಕಾಗದ ಇಟ್ಟು ಗೀಚತೊಡಗಿದಳು. ಬ್ರಹ್ಮಾವರದ ಬಸ್ಸು ಬಂತು. ಫುಟ್‌ಬೋರ್ಡಿನಲ್ಲಿ ದೊಡ್ಡಮ್ಮ ತಟ್ಟನೆ ನಿಂತರು. ಹಿಂದಿನಿಂದ ಕಂಡಕ್ಟರ್ ಬೊಬ್ಬೆ ಹೊಡೆದರೂ ಕದಲಲಿಲ್ಲ.

“ಹೆಣ್ಣೇ, ಮಾರ್ಕ್ ಸಿಕ್ಕಿದ್ ಕೂಡ್ಲೇ ಆ ಧನ್ಯಶ್ರೀ ಬಳಿ ಬದ್ಲ್ ಮಾಡ್, ಆಯ್ತಾ? ಪಾಪದ್ ಹುಡ್ಗ ಅವ.”