ದಿನ ತುಂಬದ ಹೆಸರು

ಪ್ರಿಂಟಿಂಗ್ ಪ್ರೆಸ್ಸಿನ ಬೆಂಚಿನ ಮೇಲೆ ತನ್ನ ಅಂಗಡಿಯ ಕಾರ್ಡುಗಳಿಗಾಗಿ ಕಾದಿದ್ದ ಟೈಲರಮ್ಮನಿಗೆ ಪಕ್ಕದವರ ಮಾತು ಕೇಳುವ ಚಪಲವೇನೂ ಇರಲಿಲ್ಲ. ಆದರೆ ಕಿವಿಗೆ ಬಾಗಿಲೆಲ್ಲಿದೆ? ಪಕ್ಕದಲ್ಲಿದ್ದವರು ಅಕ್ಕ-ತಮ್ಮ. ತಮ್ಮ ತನ್ನ ಬಾಟಲಿಗಳಿಗೆ ಲೇಬಲ್ ಮಾಡಿಸಲು ಬಂದಿದ್ದ. ಅಕ್ಕ ಅದನ್ನು ತಡೆಯಲು ಏದುಸಿರು ಬಿಡುತ್ತಾ ಓಡಿ ಬಂದಿದ್ದಳು. ಇಬ್ಬರದೂ ಮದ್ಯದ ಭಟ್ಟಿಯ ಕಸುಬು.

“‘ನಾಡಮದ್ಯ’ ಅಂತ ಹಾಕಿಸ್ಬೇಡ ಕಣೋ. ಆ ಹೆಸರು ಬೇಕಂದ್ರೆ ಎರಡು ವರ್ಷ ಪೀಪಾಯಿಯಲ್ಲಿ ಇರ್ಬೇಕು. ಕಾನೂನೇ ಇದೆ.”

“ಇಪ್ಪತ್ತೆರಡು ತಿಂಗಳಾಯ್ತಲ್ಲಕ್ಕ.”

“ದಿನ ತುಂಬಿಲ್ಲ.”

“ಎರಡು ತಿಂಗಳಿಗೆ ನಿನ್ನ ಗಂಟೇನು ಹೋಗುತ್ತೆ?”

“ಮಾನ ಹೋಗುತ್ತೆ. ಹೋದ ವರ್ಷ ಯಾವನೋ ಹಸಿ ಸರಕಿಗೆ ಈ ಹೆಸರು ಅಂಟಿಸಿದ. ಹೊರದೇಶದೋರು ನಮ್ಮೆಲ್ಲರ ಪೆಟ್ಟಿಗೇನೂ ವಾಪಸ್ ಕಳಿಸಿದ್ರು. ಇವತ್ತು ನೀನು ಹೆಸರಿಟ್ರೆ, ನಾಳೆ ಜನ ನಮಗೆ ಹೆಸರಿಡ್ತಾರೆ.”

“ನೀನೇ ಕುಡಿದು ನೋಡಿ ಚೆನ್ನಾಗಿದೆ ಅಂದ್ಯಲ್ಲ!”

“ಚೆನ್ನಾಗಿರೋದು ಬೇರೆ, ಪಕ್ವ ಆಗಿರೋದು ಬೇರೆ.”

ತಮ್ಮ ಅಷ್ಟಕ್ಕೆಲ್ಲ ಬಗ್ಗುವವನಲ್ಲ. “ನನ್ನ ಮಗ ಏಳನೇ ತಿಂಗಳಿಗೇ ಹುಟ್ಟಿದ. ಅವನಿಗೆ ಹೆಸರಿಡ್ಲಿಲ್ವಾ? ಆರಿಸಿದ್ದೂ ನೀನೇ!”

ಟೈಲರಮ್ಮ ಅಕ್ಕನ ಕಡೆ ಕತ್ತು ತಿರುಗಿಸಿದಳು.

“ಇಟ್ವಿ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ತಿಂಗಳು ಮಲಗಿಸಿ, ಮನೆಗೆ ಕರ್ಕೊಂಡು ಬಂದ್ಮೇಲೆ.”

ತಮ್ಮ ಲೇಬಲ್ಲಿನ ಮಾದರಿಯನ್ನು ಮಡಚಿ ಜೇಬಿಗೆ ತುರುಕಿದ. ಇಬ್ಬರೂ ಬಾಗಿಲು ದಾಟಿದರು. ಬೀದಿಯಿಂದ ಅವನ ದನಿ ಕೇಳಿಸಿತು.

“ಅಲ್ಲೀವರೆಗೆ ಅದನ್ನ ಏನಂತ ಕರೀಲಿ?”

“ಪಾಪು ಅನ್ನು.”